ಕಾಣದ್ದೆಲ್ಲವೂ ಸಮವೇ?

“ವಿಜ್ಞಾನಿಯೂ ಕಾಣದ್ದನ್ನು ನಂಬುತ್ತಾನೆ, ನಾವೂ ನಂಬುತ್ತೇವೆ, ವ್ಯತ್ಯಾಸವೇನು?” ವಿದ್ಯಾವಂತರೇ ಹೀಗೆ ಕೇಳಿ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತಾರೆ. ಈ ಮಾತನ್ನು ನಾವು ಒಪ್ಪಲಾರೆವು.

ನ್ಯೂಟ್ರಿನೋ ಎಂಬ ಕಣವನ್ನೇ ತೆಗೆದುಕೊಳ್ಳೋಣ. ಬೀಟಾ ವಿಕಿರಣದಲ್ಲಿ ಶಕ್ತಿಯ ಲೆಕ್ಕ ತಾಳೆಯಾಗದಿದ್ದಾಗ, ಕೊರತೆಯಷ್ಟನ್ನು ಹೊತ್ತೊಯ್ಯುವ ಕಾಣದ ಕಣವೊಂದಿರಬೇಕೆಂದು 1930ರಲ್ಲಿ ಪೌಲಿ ಸೂಚಿಸಿದರು. ಲೆಕ್ಕ ಸರಿದೂಗಿಸಲು ಕಟ್ಟಿದ ಕಥೆ ಎನ್ನಬಹುದಿತ್ತು. ಆದರೆ ವಿಜ್ಞಾನಿಗಳು ಅಷ್ಟಕ್ಕೇ ಕೈಮುಗಿದು ಕೂರಲಿಲ್ಲ. ಅದು ನಿಜವಾದರೆ ಪ್ರೋಟಾನಿಗೆ ತಗುಲಿದಾಗ ಇಂಥದೇ ಗುರುತು ಬಿಡಬೇಕೆಂದು ಮೊದಲೇ ಹೇಳಿ ಹುಡುಕಿದರು. 1956ರಲ್ಲಿ ಅಮೆರಿಕದ ರೈನೆಸ್ ಮತ್ತು ಕೋವನ್ ರಿಯಾಕ್ಟರಿನ ಬಳಿ ಆ ಗುರುತು ಹಿಡಿದರು. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಬ್ರಿಟನ್ನಿನ ಸಂಗಡಿಗರೊಂದಿಗೆ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಜಾಡು ಕಂಡರು. ರಿಯಾಕ್ಟರು ಬೇರೆ, ಆಕಾಶ ಬೇರೆ. ಎರಡು ಕಡೆಯ ಸಾಕ್ಷಿಯೂ ಅದೇ ಕುಲದ ಕಣಕ್ಕೆ.

ಬೆಳಕನ್ನು ಹೊರುತ್ತದೆಂದು ನಂಬಿದ್ದ ಈಥರ್ ಸಹ ಕಾಣದ್ದೇ. 1887ರ ಮೈಕೆಲ್ಸನ್–ಮಾರ್ಲಿ ಪ್ರಯೋಗದಲ್ಲಿ ಅದರ ಸುಳಿವು ಸಿಗಲಿಲ್ಲ. ಮುಂದೆ ವಿಜ್ಞಾನವೇ ಅದನ್ನು ಕೈಬಿಟ್ಟಿತು.

ವ್ಯತ್ಯಾಸ ಇಲ್ಲಿದೆ. ಸೋಲಬಹುದಾದ ಪರೀಕ್ಷೆಗೆ ಮತ್ತೆ ಮತ್ತೆ ಕೂತು ಗೆದ್ದದ್ದು ಕಾಣದಿದ್ದರೂ ಉಂಟೆನ್ನಲು ನಮಗೆ ಆಧಾರವಿದೆ. ತಾಯಿತದ ‘ಶಕ್ತಿ’ ಯಾವ ಪರೀಕ್ಷೆಗೆ ಕೂತಿದೆ? ಫಲಿಸಿದರೆ ಮಹಿಮೆ, ಫಲಿಸದಿದ್ದರೆ ನಿಮ್ಮ ಕರ್ಮ ಎನ್ನುವವರ ಕೈಗೆ ಕಾಯಿಲೆಯ ಮಗುವನ್ನು ಒಪ್ಪಿಸುವ ಮುನ್ನ ಈ ಒಂದು ಪ್ರಶ್ನೆಯನ್ನಾದರೂ ಕೇಳೋಣ.