ಮೊಣಕಾಲು ನೋವಿಗೆ ಮೂಲೆ ಸೇರುವುದು ಮದ್ದಲ್ಲ

ಶ್ರಾವಣದ ಪ್ರವಚನಕ್ಕೆ ತಪ್ಪದೆ ಬರುತ್ತಿದ್ದ ಹಿರಿಯರು ಕೆಲವರು ಈಚೆಗೆ ಕಾಣುತ್ತಿಲ್ಲ. ವಿಚಾರಿಸಿದರೆ, "ನೆಲದ ಮೇಲೆ ಕೂತರೆ ಏಳಲಾಗುವುದಿಲ್ಲ, ನಾಲ್ಕು ಜನರ ಮುಂದೆ ಕೈ ಹಿಡಿದು ಎಬ್ಬಿಸಿಕೊಳ್ಳಲು ಸಂಕೋಚ" ಎನ್ನುತ್ತಾರೆ. ಮನೆಯವರೂ "ವಯಸ್ಸಾಯಿತು, ಸುಮ್ಮನೆ ಕುಳಿತಿರಿ" ಎಂದುಬಿಡುತ್ತಾರೆ. ಈ ಮಾತಿನಲ್ಲಿ ಪ್ರೀತಿಯಿದೆ; ಹಿತವಿಲ್ಲವೆಂದೇ ನಮ್ಮ ಅಭಿಪ್ರಾಯ.

ಕೀಲಿನಲ್ಲಿ ಎಲುಬಿನ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿಯು ಸವೆಯುವುದು ಈ ಬೇನೆಯ ಮುಖ್ಯ ಲಕ್ಷಣ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಕೀಲು ಆಡಿದಾಗ ಒಳಗಿನ ದ್ರವವೇ ಅದನ್ನು ಪೋಷಿಸುತ್ತದೆ. ಚಲನೆ ನಿಂತರೆ ತೊಡೆಯ ಸ್ನಾಯುಗಳೂ ಸೊರಗಿ, ಅವು ಹೊರುತ್ತಿದ್ದ ಭಾರವೂ ಸವೆದ ಕೀಲಿಗೇ ಬೀಳುತ್ತದೆ. ನೋವೆಂದು ಕೂರುವುದು, ಕೂತದ್ದರಿಂದ ನೋವು ಬೆಳೆಯುವುದು ಹೀಗೆ.

ಆದುದರಿಂದ ಸಮತಟ್ಟಾದ ಹಾದಿಯಲ್ಲಿ ತಾಳುವಷ್ಟು ನಡೆಯಬೇಕು. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, 5 ಎಣಿಸುವವರೆಗೆ ಹಿಡಿದು ಇಳಿಸಬೇಕು. ಪ್ರತಿ ಕಾಲಿಗೂ 10 ಬಾರಿ. ಸ್ಥೂಲಕಾಯದವರು ತೂಕ ಇಳಿಸಿದರೆ, ಇಳಿದ ಪ್ರತಿ 1 ಕಿಲೋಗೆ ಹೆಜ್ಜೆಹೆಜ್ಜೆಗೂ ಮೊಣಕಾಲಿನ ಹೊರೆ ಸುಮಾರು 4 ಕಿಲೋದಷ್ಟು ತಗ್ಗುತ್ತದೆ. ಕೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ಎಡ ಮೊಣಕಾಲು ನೋಯುತ್ತಿದ್ದರೆ ಬಲಗೈಯಲ್ಲಿ. (ತಿರುಗುಮುರುಗಾಗಿ ಹಿಡಿದವರನ್ನೇ ನಾವು ಹೆಚ್ಚಾಗಿ ಕಂಡಿದ್ದೇವೆ.)

ನೋವಿನ ಗುಳಿಗೆಗಳನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಅಪಾಯ. ರಕ್ತದೊತ್ತಡವಿರುವವರಿಗಂತೂ ಇನ್ನೂ ಹೆಚ್ಚು. ಸಂತೆಯ ಹೆಸರಿಲ್ಲದ ಪುಡಿ ಎರಡೇ ದಿನದಲ್ಲಿ ನೋವು ಕಳೆದರೆ ಸಂತೋಷಪಡದೆ ಸಂಶಯಪಡಬೇಕು. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾದದ್ದುಂಟು. ಕೀಲು ಕೆಂಪಾಗಿ ಬಿಸಿಯೇರಿ, ಜ್ವರವೂ ಬಂದರೆ ಅದು ಬರಿಯ ಸವೆತವಲ್ಲ, ಅಂದೇ ವೈದ್ಯರನ್ನು ಕಾಣಬೇಕು.

ಇನ್ನು ಕುರ್ಚಿಯ ಮಾತು. ಚಕ್ಕಳಮಕ್ಕಳ ಹಾಕಿ ಕೂರುವುದು ನಮ್ಮ ರೂಢಿ, ನಿಜ. ಆದರೆ ಪೂರ್ತಿ ಮಡಿಚಿದ ಮೊಣಕಾಲಿನ ಮೇಲೆ ಬಲ ಹಾಕಿ ಏಳುವುದು ಸವೆದ ಕೀಲಿಗೆ ಬಹು ಕಷ್ಟ. ಪೂಜೆಯನ್ನು ಪೀಠದ ಮೇಲೆ ಕುಳಿತು ಮಾಡಿದರೆ ನಿಷ್ಠೆಗೆ ಕುಂದಿಲ್ಲ. ಮುಂದಿನ ಜಾತ್ರೆಯ ದಾಸೋಹದಲ್ಲಿ ಹಿರಿಯರಿಗಾಗಿ ಕುರ್ಚಿ-ಮೇಜುಗಳ ಒಂದು ಸಾಲನ್ನು ಬಾಗಿಲ ಪಕ್ಕದಲ್ಲಲ್ಲ, ಪಂಕ್ತಿಯ ನಡುವೆಯೇ ಹಾಕಬೇಕೆಂದು ನಾವು ಕೋರುತ್ತೇವೆ.