ಓಟವೂ ಒಂದು ಕಾಯಕ

‘ಓಡು’ ಎಂಬುದು ಧಾತು. ಅದರಿಂದ ಹುಟ್ಟಿದ ‘ಓಟ’ ಎಂಬುದು ಕೃದಂತ ಭಾವನಾಮ. ಆಡು–ಆಟ, ನೋಡು–ನೋಟ, ಕೂಡು–ಕೂಟ ಎಂಬ ರೂಪಗಳೂ ಇದೇ ಬಗೆಯವು. ಓಡಿದನು, ಓಡುವನು ಎಂದೊಡನೆ ಕ್ರಿಯಾಪದವು ಕಾಲಕ್ಕೆ ಕಟ್ಟುಬೀಳುತ್ತದೆ. ಭಾವನಾಮಕ್ಕೆ ಆ ಕಟ್ಟಿಲ್ಲ. ಕ್ರೀಡಾಪಟುಗಳ ಬಾಳನ್ನು ತೂಗುವಾಗಲೂ ಈ ಭೇದವನ್ನು ನೆನಪಿನಲ್ಲಿಡುವುದು ಒಳಿತು. ವೇಗದ ಓಟಗಾರರಿಗೆ ಕಾಲು ಸೇವೆ ಸಲ್ಲಿಸುವುದು ಹತ್ತು ಹದಿನೈದು ವರ್ಷಗಳು ಮಾತ್ರ. ಇತರ ವೃತ್ತಿಯವರು ಕೈ ಪಳಗಿಸಿಕೊಳ್ಳುವ ವಯಸ್ಸಿಗೆ ಇವರ ಓಡುವಿಕೆ ಮುಗಿದಿರುತ್ತದೆ. ಓಟವು ಉಳಿಯುವುದೋ ಅಳಿಯುವುದೋ ಎಂಬುದು ಅನಂತರ ಅವರು ಬಾಳಿದ ರೀತಿಯಿಂದ ನಿಶ್ಚಯವಾಗತಕ್ಕದ್ದು.

ಈ ಮಾತಿಗೆ ಕನ್ನಡನಾಡಿನಲ್ಲಿಯೇ ಉಜ್ವಲವಾದ ನಿದರ್ಶನವಿದೆ. ಅದು ಅಶ್ವಿನಿ ನಾಚಪ್ಪನವರದು. 1967ರಲ್ಲಿ ಜನಿಸಿದ ಈ ಕೊಡಗಿನ ಮಗಳು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಓಟವನ್ನು ಅಭ್ಯಾಸ ಮಾಡಿ, ಆ ಕಾಲದ ಭಾರತದ ಅಗ್ರಗಣ್ಯ ಓಟಗಾರ್ತಿಯರಲ್ಲಿ ಒಬ್ಬರೆನಿಸಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೆಕೆಂಡಿನ ನೂರನೆಯ ಒಂದಂಶದಿಂದ ಕಂಚಿನ ಪದಕ ಕೈತಪ್ಪಿದ ಪಿ. ಟಿ. ಉಷಾ ಅವರ ಹೆಸರು ಮನೆಮನೆಯ ಮಾತಾಗಿದ್ದ ದಿನಗಳವು. ಅಂಥ ಉಷಾ ಅವರನ್ನೇ ಅಶ್ವಿನಿ ಎರಡು ಬಾರಿ ಹಿಂದಿಕ್ಕಿದರು. 1988ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ ಉಷಾ ಅವರೊಡನೆ ಒಂದೇ ತಂಡದಲ್ಲಿ ಓಡಿ, 4×100 ಮೀಟರ್ ರಿಲೇಯಲ್ಲಿ ಬೆಳ್ಳಿಯ ಪದಕ ಪಡೆದರು. ಪ್ರತಿಸ್ಪರ್ಧಿಯಾಗಿದ್ದವರ ಜೊತೆಗೂಡಿ ದಂಡವನ್ನು ಕೈಯಿಂದ ಕೈಗೆ ಸಾಗಿಸುವುದು ರಿಲೇ ಕಲಿಸುವ ಸಂಸ್ಕಾರ. ತರಗತಿಯ ಪಾಠದಿಂದ ಅಷ್ಟು ಸುಲಭವಾಗಿ ಬರುವಂಥದಲ್ಲ.

ಕೀರ್ತಿಯು ಅವರನ್ನು ಮತ್ತೊಂದು ದಾರಿಗೂ ಕರೆದುದುಂಟು. 1991ರಲ್ಲಿ ತೆರೆಕಂಡ ‘ಅಶ್ವಿನಿ’ ಎಂಬ ತೆಲುಗು ಚಲನಚಿತ್ರದಲ್ಲಿ ಅವರೇ ನಾಯಿಕೆಯಾಗಿ ನಟಿಸಿದರು. ಬಣ್ಣದ ಲೋಕದಲ್ಲಿಯೇ ನೆಲೆಸಿ, ಹಳೆಯ ಪದಕಗಳ ಹೆಸರಿನಲ್ಲಿ ಸನ್ಮಾನಗಳನ್ನು ಸ್ವೀಕರಿಸುತ್ತ ಉಳಿದ ಆಯುಷ್ಯವನ್ನು ಕಳೆದಿದ್ದರೂ ಆಕ್ಷೇಪಿಸುವವರಿರಲಿಲ್ಲ. ಆದರೆ ಅವರು ಹಾಗೆ ಮಾಡಲಿಲ್ಲ. ಪತಿ, ಹಾಕಿ ಆಟಗಾರರಾಗಿದ್ದ ದತ್ತ ಕರುಂಬಯ್ಯನವರೊಡನೆ ದಕ್ಷಿಣ ಕೊಡಗಿನ ಗೋಣಿಕೊಪ್ಪಲಿನ ಬಳಿ ಒಂದು ಶಾಲೆಯನ್ನು ಕಟ್ಟಿದರು. ಪಾಠ ಮತ್ತು ಆಟ ಎಂಬ ಎರಡನ್ನೂ ಹೆಸರಿನಲ್ಲಿಯೇ ಹೊತ್ತ ಶಾಲೆ ಅದು. ಬೇಗೂರಿನವರಿಗೆ ಆ ಊರು ಪರದೇಶವೇನೂ ಅಲ್ಲ. ಬಂಡೀಪುರ ನಾಗರಹೊಳೆಗಳ ಅಡವಿಯನ್ನು ಬಳಸಿ ಹೋದರೆ ಆಚೆಗೇ ಇದೆ.

ಶರಣಪರಂಪರೆಯ ನೆರಳಿನಲ್ಲಿ ಬೆಳೆದ ವಿದ್ಯಾಸಂಸ್ಥೆಗೆ ಈ ಬಾಳಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯದಿಂದ ನಡೆಯುವುದು ಕಾಯಕ. ಅದರ ಫಲವನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಓಟವು ಅಶ್ವಿನಿಯವರ ಕಾಯಕವಾಗಿತ್ತು. ಶಾಲೆಯು ಅವರ ದಾಸೋಹವಾಯಿತು.

ಕಾಯಕಕ್ಕೆ ಶುದ್ಧಿಯ ಕಟ್ಟಳೆಯೂ ಉಂಟು. ಆಯ್ದಕ್ಕಿ ಮಾರಯ್ಯನು ಒಮ್ಮೆ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಮನೆಯೊಳಗೆ ಇಳಿಸಗೊಡದೆ ಮರಳಿ ಸುರಿದು ಬರುವಂತೆ ಹೇಳಿ ಕಳುಹಿದ ಪ್ರಸಂಗವನ್ನು ಬಲ್ಲದ ಮಕ್ಕಳು ಇಲ್ಲಿರಲಾರರು. ಕ್ರೀಡಾಲೋಕದಲ್ಲಿ ಆ ಹೆಚ್ಚಿನ ಅಕ್ಕಿ ಯಾವುದೆಂದರೆ, ಮದ್ದಿನ ಬಲದಿಂದ ಗಳಿಸಿದ ವೇಗ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡದ ಬೆನ್ ಜಾನ್ಸನ್ 100 ಮೀಟರ್ ದೂರವನ್ನು 9.79 ಸೆಕೆಂಡುಗಳಲ್ಲಿ ಓಡಿ ಜಗತ್ತನ್ನು ಬೆರಗುಗೊಳಿಸಿದರು. ಮೂರು ದಿನಗಳೊಳಗೆ ನಿಷಿದ್ಧ ಮದ್ದಿನ ಸೇವನೆ ಬಯಲಾಗಿ ಚಿನ್ನದ ಪದಕವನ್ನು ಕಳೆದುಕೊಂಡರು. 2011ರಲ್ಲಿ ಭಾರತದ ಮಹಿಳಾ ರಿಲೇ ತಂಡದ ಹಲವರು ಇಂಥದೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಿಷೇಧಕ್ಕೆ ಗುರಿಯಾದರು. ‘ಕ್ಲೀನ್ ಸ್ಪೋರ್ಟ್ಸ್ ಇಂಡಿಯಾ’ ಎಂಬ ಸಂಘಟನೆಯ ಮೂಲಕ ಅಶ್ವಿನಿಯವರು ಈ ಅಶುದ್ಧಿಯ ವಿರುದ್ಧ ನಿರ್ಭೀತರಾಗಿ ದನಿಯೆತ್ತಿದ್ದಾರೆ. ತಾವು ಬೆಳೆದ ಕ್ಷೇತ್ರದ ದೋಷವನ್ನೇ ಎತ್ತಿ ಆಡುವುದಕ್ಕೆ ಪದಕ ಗೆಲ್ಲುವುದಕ್ಕಿಂತಲೂ ಮಿಗಿಲಾದ ಧೈರ್ಯ ಬೇಕು. ಲಕ್ಕಮ್ಮನ ಮಾತನ್ನು ಈ ಕಾಲದಲ್ಲಿ ಆಡಿದವರು ಅವರೆಂದರೆ ಅತಿಶಯೋಕ್ತಿಯಾಗದು.

ಇಷ್ಟನ್ನು ಹೇಳಿ ಚಪ್ಪಾಳೆ ತಟ್ಟಿ ಸುಮ್ಮನಾದರೆ ಅದು ಬರಿಯ ಹೊಗಳಿಕೆಯಾದೀತು. ಈ ಭಾಗದ ಶಾಲೆಗಳ ಸ್ಥಿತಿಯನ್ನೂ ಒಮ್ಮೆ ನೋಡಬೇಕು. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿತೆಂದರೆ ಮೊದಲು ಬಲಿಯಾಗುವುದು ಆಟದ ಅವಧಿ. ಗಣಿತವೋ ವಿಜ್ಞಾನವೋ ಅದನ್ನು ನುಂಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಪರೀಕ್ಷೆಯವರೆಗೂ ಕಾಯುವುದಿಲ್ಲ. ಎಂಟನೆಯ ತರಗತಿಗೆ ಬಂದಳೆಂದರೆ ‘ಇನ್ನು ಓಡುವುದು ಸಾಕು’ ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ಶಾಲೆ ಅದನ್ನು ಮೌನದಿಂದ ಒಪ್ಪುತ್ತದೆ. ಅರಿಸಿನದ ಹೊಲದಲ್ಲಿಯೂ ಚೆಂಡುಹೂವಿನ ತೋಟದಲ್ಲಿಯೂ ದೊಡ್ಡವರ ಸರಿಸಮಕ್ಕೆ ದುಡಿಯಬಲ್ಲ ಹುಡುಗಿಯ ಕಾಲಿಗೆ ಶಾಲೆಯ ಬಯಲಿನಲ್ಲಿ ಮಾತ್ರ ಶಕ್ತಿಯಿಲ್ಲವೆಂದು ಹೇಳುವುದು ಯಾವ ನ್ಯಾಯ?

ಓಡುವವರೆಲ್ಲರೂ ಅಶ್ವಿನಿಯಾಗುವರೇ ಎಂದು ಕೇಳುವವರಿದ್ದಾರೆ. ಕನ್ನಡ ಓದಿದವರೆಲ್ಲರೂ ಕವಿಗಳಾಗುವುದಿಲ್ಲ. ಹಾಗೆಂದು ಯಾರೂ ಕನ್ನಡದ ಅವಧಿಯನ್ನು ತೆಗೆದುಹಾಕಿಲ್ಲ. ಪದಕಕ್ಕಾಗಿ ಮಾತ್ರ ಆಟವೆಂದು ಬಗೆದುದೇ ಮೂಲದಲ್ಲಿ ತಪ್ಪು. ಸೋತಾಗ ಗೆದ್ದವಳ ಕೈಕುಲುಕುವುದು, ಎಡವಿ ಬಿದ್ದಲ್ಲಿಂದ ಎದ್ದು ಓಟವನ್ನು ಮುಗಿಸುವುದು, ಯಾರೂ ನೋಡದಾಗಲೂ ಗೆರೆಯ ಹಿಂದೆಯೇ ಕಾಲೂರಿ ನಿಲ್ಲುವುದು – ಇವು ಪ್ರತಿಯೊಂದು ಮಗುವಿಗೂ ಬೇಕಾದ ಗುಣಗಳು.

ದಾನಿಗಳೂ ಇಲ್ಲಿ ಒಂದಿಷ್ಟು ವಿಚಾರ ಮಾಡಬೇಕಾಗಿದೆ. ಕೊಠಡಿ ಕಟ್ಟಿಸಿದರೆ ಬಾಗಿಲ ಮೇಲೆ ಹೆಸರು ಕೆತ್ತಲು ಕಲ್ಲಿರುತ್ತದೆ. ಬಯಲಿಗೆ ಅಂಥ ಕಲ್ಲಿಲ್ಲ. ಆದಕಾರಣ ಕೊಠಡಿಗಳು ಹೆಚ್ಚುತ್ತವೆ, ಬಯಲು ಕುಗ್ಗುತ್ತದೆ. ಕೊಠಡಿ ಬೇಡವೆಂಬುದು ಇಲ್ಲಿನ ಅಭಿಪ್ರಾಯವಲ್ಲ. ಒಂದು ಕೊಠಡಿಯ ವೆಚ್ಚದ ಅಲ್ಪಭಾಗದಲ್ಲಿ ಬಯಲನ್ನು ಸಮಗೊಳಿಸಿ ಬೇಲಿ ಹಾಕಿಸಬಹುದು. ಉದ್ದಜಿಗಿತಕ್ಕೆ ಮರಳಿನ ಗುಂಡಿ ತೋಡಿಸಬಹುದು. ಹೆಣ್ಣುಮಕ್ಕಳು ಉಡುಪು ಬದಲಿಸಲು ಮರೆಯಾದ ಒಂದು ಕೋಣೆಯನ್ನೂ ಶೌಚಾಲಯವನ್ನೂ ಒದಗಿಸಬಹುದು. ಆ ಕೋಣೆಯೊಂದಿಲ್ಲದ ಕಾರಣಕ್ಕೇ ಆಟವನ್ನು ಬಿಟ್ಟವರು ಎಷ್ಟೋ ಮಂದಿ. ಹಿರಿಯ ವಿದ್ಯಾರ್ಥಿಗಳು ಸನ್ಮಾನ ಸಮಾರಂಭಕ್ಕೆ ಮಾತ್ರ ಬಂದು ಹೋಗದೆ, ತಿಂಗಳಿಗೊಂದು ಭಾನುವಾರ ಮಕ್ಕಳೊಡನೆ ಬಯಲಿಗಿಳಿಯಲಿ. ಅಧ್ಯಾಪಕರು ಆಟದ ಅವಧಿಯನ್ನು ಆಟಕ್ಕೇ ಬಿಟ್ಟುಕೊಡಲಿ. ಈ ದಾನಕ್ಕೆ ಕಾಸಿನ ಖರ್ಚೂ ಇಲ್ಲ.

ನೂರು ಮೀಟರ್ ಓಟಕ್ಕೆ ನೂರು ಮೀಟರ್ ನೆಲ ಸಾಲದು. ಗುರಿಯ ಗೆರೆಯನ್ನು ದಾಟಿದವರು ಥಟ್ಟನೆ ನಿಲ್ಲಲಾರರು. ಆದ್ದರಿಂದ ಗೆರೆಯಾಚೆ ಕನಿಷ್ಠ 17 ಮೀಟರ್ ಬಯಲು ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಶಾಲೆಯಿಂದ ಹೊರಬೀಳುವ ಮಗುವಿಗೂ ಪರೀಕ್ಷೆಯ ಗೆರೆಯ ಆಚೆಗೆ ದೀರ್ಘವಾದ ಬಾಳುಂಟು. ಅದಕ್ಕೆ ಬೇಕಾದ ಉಸಿರನ್ನೂ ಧೈರ್ಯವನ್ನೂ ತುಂಬಿ ಕಳುಹಿಸುವುದು ವಿದ್ಯಾಸಂಸ್ಥೆಯ ಹೊಣೆ. ಬೇಗೂರಿನ ಹುಡುಗಿಯೊಬ್ಬಳು ಮುಂದೊಂದು ದಿನ ದೇಶಕ್ಕಾಗಿ ಓಡಿದರೆ ಸಂತೋಷ; ಓಡದಿದ್ದರೂ, ಇಲ್ಲಿಯ ಬಯಲಿನಲ್ಲಿ ನೆಟ್ಟಗೆ ನಿಲ್ಲಲು ಕಲಿತು ತನ್ನೂರಿನ ಮಕ್ಕಳ ಕೈಹಿಡಿದು ನಡೆಸಿದರೆ ಶ್ರೀಮಠದ ವಿದ್ಯಾದಾಸೋಹಕ್ಕೆ ಅದಕ್ಕಿಂತ ಮಿಗಿಲಾದ ಸಾರ್ಥಕ್ಯವಿಲ್ಲ.