ಶ್ರಾವಕನ ಉದ್ಯಮ ಮತ್ತು ನೀರಿನ ಲೆಕ್ಕ

ನೀರನ್ನು ಸೋಸಿ ಕುಡಿಯುವವನು ಜೈನನೆಂಬುದನ್ನು ಅನ್ಯಮತೀಯರೂ ಬಲ್ಲರು. ಕೆಲವು ಶ್ರಾವಕಾಚಾರ ಗ್ರಂಥಗಳಂತೂ ಜಲಗಾಲನವನ್ನು ಅಷ್ಟಮೂಲಗುಣಗಳ ಸಾಲಿನಲ್ಲಿಯೇ ಎಣಿಸಿವೆ. ಇಮ್ಮಡಿಸಿದ ದಪ್ಪ ಬಟ್ಟೆಯಲ್ಲಿ ನೀರನ್ನು ಸೋಸಬೇಕು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಕೊಡವಿ ಬಿಸುಡದೆ, ನೀರು ಸೇದಿದ ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು. ಸೋಸಿದ ನೀರಿಗೂ ಎರಡು ಘಳಿಗೆಯ, ಅಂದರೆ 48 ನಿಮಿಷಗಳ, ಅವಧಿಯೇ ಹೊರತು ಅದಕ್ಕಿಂತ ಹೆಚ್ಚಿಲ್ಲ. ಒಂದು ಕೊಡ ನೀರಿಗೆ ಇಷ್ಟು ಎಚ್ಚರಿಕೆಯನ್ನು ವಿಧಿಸಿದ ಸಮಾಜ ಲೋಕದಲ್ಲಿ ಬೇರೊಂದಿರಲಾರದು. ಆದರೆ ಅಡುಗೆಮನೆಯಲ್ಲಿ ಈ ವಿಧಿಯನ್ನು ತಪ್ಪದೆ ಪಾಲಿಸುವ ಮನೆಯ ಯಜಮಾನನೇ ಬೆಳಿಗ್ಗೆ ಹತ್ತು ಗಂಟೆಗೆ ತನ್ನ ಕಾರ್ಖಾನೆಗೋ ಹೋಟೆಲಿಗೋ ಹೋಗಿ ಕುಳಿತಾಗ, ಅಲ್ಲಿ ಹಗಲಿರುಳು ಎಷ್ಟು ಸಾವಿರ ಲೀಟರ್ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಕೇಳಿದರೆ ಉತ್ತರವಿರುವುದಿಲ್ಲ. ಬಂಡವಾಳಕ್ಕೆ, ಬಡ್ಡಿಗೆ, ಸರಕಿಗೆ ಪೈಸೆ ಪೈಸೆಯ ಲೆಕ್ಕ ಬರೆಯುವ ಖಾತೆಪುಸ್ತಕದಲ್ಲಿ ನೀರಿಗೆ ಒಂದು ಪುಟವೂ ಇಲ್ಲ.

ಈ ಪುಟವನ್ನು ಬರೆಯಲೇಬೇಕೆಂದು ಸರ್ಕಾರ ಕಡ್ಡಾಯಪಡಿಸಬೇಕೇ ಎಂಬ ಪ್ರಶ್ನೆ ಈಗ ಎದ್ದಿದೆ. ಎದ್ದ ಕೂಡಲೇ ವ್ಯಾಪಾರಸ್ಥರ ವಲಯದಲ್ಲಿ, ಅವರೊಡನೆ ಜೈನ ಉದ್ಯಮಿಗಳಲ್ಲಿಯೂ, ಅಸಮಾಧಾನದ ಮಾತು ಕೇಳಿಬರುತ್ತಿದೆ. ಆ ಅಸಮಾಧಾನಕ್ಕೆ ಆಧಾರವಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕಾದ ಕಾಲ ಬಂದಿದೆ.

2024ರ ಬೇಸಿಗೆಯಲ್ಲಿ ಬೆಂಗಳೂರು ಕಂಡ ಬವಣೆ ಎಲ್ಲರ ನೆನಪಿನಲ್ಲಿದೆ. ನಗರದ 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿಹೋಗಿವೆಯೆಂದು ಆಗ ಉಪಮುಖ್ಯಮಂತ್ರಿಗಳೇ ಪ್ರಕಟಿಸಿದರು. ಟ್ಯಾಂಕರ್ ಮಾಲೀಕರ ದರಕ್ಕೆ ಕಡಿವಾಣ ಹಾಕಲು ಜಿಲ್ಲಾಡಳಿತವು 6,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 600 ರೂಪಾಯಿಯೆಂದು ನಿಗದಿಪಡಿಸಬೇಕಾಯಿತು. ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ಕೈತೋಟಕ್ಕೆ, ಕಟ್ಟಡ ಕಾಮಗಾರಿಗೆ, ಕಾರಂಜಿಗೆ ಅದನ್ನು ಬಳಸುವುದನ್ನೂ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ವಾಣಿಜ್ಯ ಸಂಸ್ಥೆಗಳ ನಲ್ಲಿಗಳಿಗೆ ಹರಿವು ತಗ್ಗಿಸುವ ಏರೇಟರ್ ಅಳವಡಿಕೆಯನ್ನು ಕಡ್ಡಾಯಗೊಳಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ 775 ದಶಲಕ್ಷ ಲೀಟರ್ ನೀರು ನಗರಕ್ಕೆ ಹರಿದಾಗ ಅನೇಕರು ನಿಟ್ಟುಸಿರು ಬಿಟ್ಟರು. ಆದರೆ ಆ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳು ಎತ್ತಿ ತಳ್ಳಿದ ಮೇಲೆ. ಮುಂದಿನ ವರ್ಷ, 2025ರ ಫೆಬ್ರವರಿಯಲ್ಲಿ, ಬೇಸಿಗೆ ಕಾಲಿಡುವ ಮುನ್ನವೇ ಅದೇ ನಿಷೇಧವನ್ನೂ ಅದೇ 5,000 ರೂಪಾಯಿ ದಂಡವನ್ನೂ ಮತ್ತೆ ಸಾರಬೇಕಾಯಿತು.

ನಲ್ಲಿಯ ತುದಿಗೆ ತಿರುಗಿಸುವ ಒಂದು ಬಿಲ್ಲೆ, ಕಾರು ತೊಳೆದವನಿಗೆ ಒಂದು ದಂಡ: ಇವು ತುರ್ತು ಚಿಕಿತ್ಸೆಗಳು. ದಿನಕ್ಕೆ ಒಂದು ಲಕ್ಷ ಲೀಟರ್ ಬಳಸುವ ಬಟ್ಟೆ ಕಾರ್ಖಾನೆಗೂ, ನೂರಾರು ಕೊಠಡಿಗಳ ಹೋಟೆಲಿಗೂ, ಬೃಹತ್ ಆಸ್ಪತ್ರೆಗೂ ಇವು ಸಾಲವು. ಅವುಗಳಿಗೆ ಬೇಕಾದದ್ದು ಯೋಜನೆ. ಯೋಜನೆಯೆಂದರೆ ಕಾಗದದ ಮೇಲಿನ ಸದಿಚ್ಛೆಯಲ್ಲ. ಒಳಬರುವ ಪ್ರತಿಯೊಂದು ಕೊಳವೆಗೂ ಮೀಟರು. ಅಡುಗೆಮನೆ, ಬಟ್ಟೆ ತೊಳೆಯುವ ಮನೆ, ಬಾಯ್ಲರು, ತಂಪುಗೋಪುರ, ಶೌಚಾಲಯ ಎಂದು ವಿಭಾಗಕ್ಕೊಂದು ಮೀಟರು. ಎಷ್ಟು ಬಳಕೆ, ಎಷ್ಟು ಸೋರಿಕೆ, ಎಷ್ಟು ಮರುಬಳಕೆ ಎಂಬ ಲೆಕ್ಕ. ಮುಂದಿನ ವರ್ಷ ಎಷ್ಟು ತಗ್ಗಿಸಲಾಗುವುದೆಂಬ ಅಂಕಿ. ಅದಕ್ಕೆ ಹೊಣೆಗಾರನಾದ ಒಬ್ಬನ ರುಜು. ವರ್ಷ ಮುಗಿದ ಬಳಿಕ ಪ್ರಾಧಿಕಾರಕ್ಕೆ ವರದಿ.

ಇದು ಹೊಸ ಕಲ್ಪನೆಯೇನಲ್ಲ. ಕೇಂದ್ರ ಅಂತರ್ಜಲ ಪ್ರಾಧಿಕಾರಕ್ಕಾಗಿ 2020ರ ಸೆಪ್ಟೆಂಬರಿನಲ್ಲಿ ಹೊರಬಂದ ಮಾರ್ಗಸೂಚಿಯು ದಿನಕ್ಕೆ 100 ಘನಮೀಟರ್, ಅಂದರೆ ಒಂದು ಲಕ್ಷ ಲೀಟರಿಗಿಂತ ಹೆಚ್ಚು ಅಂತರ್ಜಲವನ್ನೆತ್ತುವ ಉದ್ಯಮಗಳು ಪ್ರತಿವರ್ಷ ಜಲ ಲೆಕ್ಕಪರಿಶೋಧನೆ ಮಾಡಿಸಬೇಕೆಂದೂ ಮೂರು ವರ್ಷಗಳಲ್ಲಿ ತಮ್ಮ ಬಳಕೆಯನ್ನು ಕನಿಷ್ಠ ಶೇ. 20ರಷ್ಟು ಇಳಿಸಬೇಕೆಂದೂ ವಿಧಿಸಿದೆ. ಕರ್ನಾಟಕಕ್ಕೆ ತನ್ನದೇ ಆದ 2011ರ ಅಂತರ್ಜಲ ಕಾಯಿದೆಯೂ ಅದರಡಿ ಪ್ರಾಧಿಕಾರವೂ ಇವೆ; ಇಲ್ಲಿಯೂ ಅಷ್ಟೇ ಬಿಗಿಯನ್ನು, ಕಾವೇರಿ ನೀರು ಕೊಳ್ಳುವ ದೊಡ್ಡ ಬಳಕೆದಾರರನ್ನೂ ಒಳಗೊಂಡು, ತರುವುದಕ್ಕೆ ಅಡ್ಡಿಯೇನು? ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯವು ದೀರ್ಘ ಅನಾವೃಷ್ಟಿಯ ನಡುವೆ, 2007ರಲ್ಲಿ, ವರ್ಷಕ್ಕೆ ಒಂದು ಕೋಟಿ ಲೀಟರಿಗಿಂತ ಹೆಚ್ಚು ಬಳಸುವ ವ್ಯಾಪಾರ ಸಂಸ್ಥೆಗಳಿಗೆ ಇಂತಹ ಯೋಜನೆಯನ್ನು ಕಡ್ಡಾಯ ಮಾಡಿತು. ಒಂದು ಕೋಟಿ ಎಂದೊಡನೆ ಬೆಚ್ಚಬೇಕಾಗಿಲ್ಲ. ದಿನಕ್ಕೆ ಭಾಗಿಸಿದರೆ ಅದು ಸುಮಾರು 27,400 ಲೀಟರ್, 6,000 ಲೀಟರಿನ ನಾಲ್ಕೂವರೆ ಟ್ಯಾಂಕರ್. ಮದುವೆಯ ಋತುವಿನಲ್ಲಿ ದೊಡ್ಡದೊಂದು ಕಲ್ಯಾಣಮಂಟಪದ ಮುಂದೆ ನಿಂತು ಟ್ಯಾಂಕರುಗಳನ್ನು ಎಣಿಸಿದವರಿಗೆ ಈ ಅಳತೆ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ.

ವಿರೋಧಿಸುವವರ ಮೊದಲ ವಾದ ಧಾರ್ಮಿಕವಾಗಿ ತೋರುವಂಥದು. ಆದುದರಿಂದಲೇ ಅದನ್ನು ಹೆಚ್ಚು ಗಮನವಿಟ್ಟು ನೋಡಬೇಕು. ವ್ರತವೆಂಬುದು ಸ್ವಇಚ್ಛೆಯಿಂದ ತಾಳುವಂಥದು, ಬಲವಂತದ ಸಂಯಮ ಸಂಯಮವೇ ಅಲ್ಲ, ನಿರ್ಜರೆಯೂ ಅದರಿಂದಾಗದು, ಆದಕಾರಣ ಸರ್ಕಾರ ಬೋಧಿಸಲಿ, ಆಜ್ಞಾಪಿಸಬಾರದು ಎಂದು ಅವರು ಹೇಳುತ್ತಾರೆ. ವ್ರತ ಸ್ವಇಚ್ಛೆಯದೆಂಬುದು ನಿಜ. ಆದರೆ ಸರ್ಕಾರ ಕೇಳುತ್ತಿರುವುದು ವ್ರತವನ್ನಲ್ಲ, ಲೆಕ್ಕವನ್ನು. ಆತ್ಮಶುದ್ಧಿ ಉದ್ಯಮಿಯ ಸ್ವಂತ ವಿಷಯವಿರಬಹುದು. ಅವನ ಕೊಳವೆಬಾವಿ ಬತ್ತಿಸಿದ ನೆರೆಮನೆಯ ಬಾವಿ ಅವನ ಸ್ವಂತ ವಿಷಯವಲ್ಲ. ಮೇಲಾಗಿ ಶಾಸ್ತ್ರವೇ ಈ ವಾದಕ್ಕೆ ಉತ್ತರ ಕೊಟ್ಟಿದೆ. ಅಚೌರ್ಯಾಣುವ್ರತಕ್ಕೆ ತತ್ವಾರ್ಥಸೂತ್ರವು ಎಣಿಸಿರುವ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು ಶ್ರಾವಕನಿಗೆ ಕಳವಿನ ಬಳಗಕ್ಕೆ ಸೇರಿದ ದೋಷ. ಅದರ ಪಕ್ಕದಲ್ಲಿಯೇ ಇರುವುದು ಹೀನಾಧಿಕಮಾನೋನ್ಮಾನ, ಅಂದರೆ ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು. ಮೀಟರಿಲ್ಲದ ಕೊಳವೆಬಾವಿಯಿಂದ ಹಗಲಿರುಳು ನೀರೆತ್ತುವವನು ಅಳತೆಯನ್ನು ತಪ್ಪಿಸಿಕೊಳ್ಳುತ್ತಿದ್ದಾನೆ. ಸೇರು ಕಿರಿದು ಮಾಡಿದ ಅಂಗಡಿಕಾರನಿಗೂ ಇವನಿಗೂ ಅಂತರವೆಷ್ಟು? ಭೂಮಿಯ ಕೆಳಗಿನ ನೀರು ಬೇಲಿಯನ್ನು ಅರಿಯದು. ತನ್ನ ನಿವೇಶನದೊಳಗೆ ಕೊರೆದ ರಂಧ್ರದಿಂದ ಇಡೀ ಬೀದಿಯ ನೀರನ್ನು ಸೆಳೆಯುವುದು ಅದತ್ತಾದಾನವಲ್ಲದೆ ಮತ್ತೇನು?

ಇನ್ನು ಸ್ವಇಚ್ಛೆಯ ಪ್ರಶ್ನೆ. ಸ್ವಇಚ್ಛೆಗೆ ಇದುವರೆಗೆ ಅಡ್ಡಿ ಯಾರು ಮಾಡಿದ್ದರು? ಪರಿಗ್ರಹಪರಿಮಾಣ, ಭೋಗೋಪಭೋಗಪರಿಮಾಣ ಎಂಬ ಹೆಸರುಗಳಲ್ಲಿಯೇ ಅಂಕಿ ಅಡಗಿದೆ. ಇಷ್ಟು ಹೊಲ, ಇಷ್ಟು ಹೊನ್ನು, ಇಷ್ಟು ವಸ್ತ್ರ ಎಂದು ಎಣಿಸಿ ಗೆರೆ ಎಳೆಯುವುದೇ ಪರಿಮಾಣ. ಊಟದ ಬಟ್ಟಲಿನ ಪದಾರ್ಥಗಳನ್ನು ಎಣಿಸುವ ಶ್ರಾವಕರು ಎಷ್ಟೋ ಮಂದಿ ಇದ್ದಾರೆ. ತಮ್ಮ ಕಾರ್ಖಾನೆಯ ನೀರಿಗೆ ಗೆರೆ ಎಳೆದವರು ಎಷ್ಟು ಮಂದಿ? ತಾವಾಗಿಯೇ ಎಳೆದಿದ್ದರೆ ಕಾಯಿದೆ ಅವರನ್ನು ನೋಯಿಸದು, ಈಗಾಗಲೇ ಇರುವ ಲೆಕ್ಕವನ್ನು ಒಂದು ನಮೂನೆಯಲ್ಲಿ ತುಂಬಿ ಕಳುಹಿಸಿದರೆ ಮುಗಿಯಿತು. ಎಳೆಯದವರು ಸ್ವಇಚ್ಛೆಯ ಹೆಸರೆತ್ತುವುದು ಸಮಂಜಸವಲ್ಲ.

ಎರಡನೆಯ ವಾದವನ್ನು ಶಾಸ್ತ್ರ ಬಲ್ಲವರೇ ಮುಂದಿಡುತ್ತಾರೆ. ಹಿಂಸೆ ನಾಲ್ಕು ಬಗೆ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಗೃಹಸ್ಥನಿಗೆ ಮೊದಲನೆಯದು ಸರ್ವಥಾ ವರ್ಜ್ಯ. ಉದ್ಯೋಗದಲ್ಲಿ ಒದಗುವ ಹಿಂಸೆ ಅವನಿಗೆ ತಪ್ಪಿಸಲಾಗದ್ದು. ಜಲಕಾಯಿಕ ಜೀವಗಳು ಸ್ಥಾವರಗಳು. ಅವುಗಳ ಹಿಂಸೆಯನ್ನು ಗೃಹಸ್ಥನು ಪೂರ್ಣ ಬಿಡಲಾರ. ಹೀಗಿರುವಾಗ ಬಣ್ಣದ ಕಾರ್ಖಾನೆಯ ನೀರಿಗೇಕೆ ಪಾಪದ ಭಯ ಎಂದು ಕೇಳುತ್ತಾರೆ. ಆದರೆ ಈ ವಿನಾಯಿತಿ ಯಾವುದಕ್ಕೆ? ಉದ್ಯೋಗಕ್ಕೆ ಅವಶ್ಯವಾದದ್ದಕ್ಕೆ. ಒಡೆದ ಕೊಳವೆಯಿಂದ ರಾತ್ರಿಯಿಡೀ ಚರಂಡಿಗೆ ಹರಿದ ನೀರಿನಿಂದ ಯಾವ ಬಟ್ಟೆಗೂ ಬಣ್ಣವೇರಲಿಲ್ಲ. ತುಂಬಿ ಹೊರಚೆಲ್ಲುವ ಟ್ಯಾಂಕಿನಿಂದ ಯಾವ ಗ್ರಾಹಕನ ಬಾಯಾರಿಕೆಯೂ ತೀರಲಿಲ್ಲ. ಕುಡಿಯುವ ನೀರನ್ನು ಶುದ್ಧಗೊಳಿಸುವ ಅನೇಕ ಸಣ್ಣ ಯಂತ್ರಗಳು ಲೋಟಕ್ಕೆ ಕೊಡುವುದಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಬಿಡುತ್ತವೆ; ಆ ನೀರನ್ನು ಹಿಡಿದು ನೆಲ ತೊಳೆಯಲು ಬಳಸದವನು ಅದನ್ನು ಉದ್ಯೋಗೀ ಹಿಂಸೆಯೆಂದು ಕರೆಯಬಹುದೇ? ಇದಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೇರೆಯೇ ಹೆಸರಿಟ್ಟಿದ್ದಾರೆ: ಪ್ರಮಾದಚರ್ಯೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು ಅನರ್ಥದಂಡದ ಒಂದು ಭೇದ. ಯಾವುದು ಅವಶ್ಯ, ಯಾವುದು ಅನರ್ಥ ಎಂದು ಬೇರ್ಪಡಿಸುವುದಕ್ಕೆ ಅಳೆಯದೆ ಅನ್ಯಮಾರ್ಗವಿಲ್ಲ. ಕಡ್ಡಾಯ ಯೋಜನೆಯು ಮಾಡುವ ಕೆಲಸ ಇದೇ.

ರಾಜ್ಯದ ನೀರಿನಲ್ಲಿ ಸಿಂಹಪಾಲು ನೀರಾವರಿಗೆ ಹೋಗುವಾಗ ಉದ್ಯಮಗಳನ್ನೇಕೆ ಪೀಡಿಸಬೇಕೆಂಬ ಮಾತೂ ಉಂಟು. ರೈತನಿಗೂ ಹನಿ ನೀರಾವರಿಯ ಪಾಠ ಬೇಕು, ಸರಿ. ಆದರೆ ನೆರೆಯವನು ಹೆಚ್ಚು ಚೆಲ್ಲುತ್ತಾನೆಂಬುದು ತಾನು ಚೆಲ್ಲುವುದಕ್ಕೆ ಪರವಾನಗಿಯಲ್ಲ. ಜೈನನ ಬಾಯಲ್ಲಿ ಆ ಮಾತು ಶೋಭಿಸದು.

ಕಾಯಿದೆ ಬಂದರೆ ಲಂಚ ಬರುತ್ತದೆ, ದಂಡ ಕಟ್ಟಿ ಎಲ್ಲರೂ ಪಾರಾಗುತ್ತಾರೆ ಎಂಬ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ಬೆಂಗಳೂರಿನಲ್ಲಿ 2009ರಲ್ಲಿ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಲಾಯಿತು. ಇಂದಿಗೂ ಸಾವಿರಾರು ಕಟ್ಟಡಗಳ ಮಾಲೀಕರು ತೊಟ್ಟಿ ಕಟ್ಟಿಸದೆ ತಿಂಗಳು ತಿಂಗಳು ನೀರಿನ ಬಿಲ್ಲಿನೊಡನೆ ದಂಡವನ್ನು ಬಾಡಿಗೆಯಂತೆ ಕಟ್ಟುತ್ತಿದ್ದಾರೆ. ಅವರಲ್ಲಿ ಜೈನರಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರು ಯಾರು? ಹಣದಿಂದ ಮಳೆ ಕೊಳ್ಳಲಾಗದು. ಆದುದರಿಂದ ಹೊಸ ಕಟ್ಟಳೆಯು ದಂಡವನ್ನೇ ನಂಬಿ ಕೂರದಿರಲಿ: ಯೋಜನೆ ಸಲ್ಲಿಸದ ದೊಡ್ಡ ಬಳಕೆದಾರನಿಗೆ ಹೆಚ್ಚುವರಿ ಸಂಪರ್ಕವಿಲ್ಲ, ಕೊಳವೆಬಾವಿಯ ಅನುಮತಿಯ ನವೀಕರಣವಿಲ್ಲ, ಮತ್ತು ಅವನ ವರ್ಷದ ಅಂಕಿಗಳು ಎಲ್ಲರೂ ಓದುವಂತೆ ಪ್ರಕಟವಾಗಲಿ. ದಂಡಕ್ಕೆ ಹೆದರದವನು ನೆರೆಹೊರೆಯವರ ಕಣ್ಣಿಗೆ ಹೆದರುತ್ತಾನೆ.

ಖರ್ಚಿನ ಮಾತಿಗೆ ತಿರುಪ್ಪೂರಿನ ಕಥೆಯೇ ಸಾಕು. ಅಲ್ಲಿನ ಬಣ್ಣದ ಘಟಕಗಳು ವರ್ಷಗಟ್ಟಲೆ ನೊಯ್ಯಲ್ ನದಿಗೆ ಬಣ್ಣದ ನೀರು ಬಿಟ್ಟವು. ಒರತುಪಾಳಯಂ ಅಣೆಕಟ್ಟಿನ ಕೆಳಗಿನ ರೈತರು ಹೊಲ ಕಳೆದುಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸಮಯ ಕೊಡಿ, ಖರ್ಚು ಹೆಚ್ಚು, ಉದ್ಯಮ ಮುಳುಗುತ್ತದೆ ಎಂದು ಘಟಕಗಳು ಹೇಳುತ್ತಲೇ ಇದ್ದವು. 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು 700ಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸಿತು. ಕೂಲಿಕಾರರು ಬೀದಿಗೆ ಬಿದ್ದರು, ಸಣ್ಣ ಘಟಕಗಳು ಎಷ್ಟೋ ಮತ್ತೆ ಏಳಲೇ ಇಲ್ಲ. ಉಳಿದವು ಹೊರಗೆ ಹನಿಯನ್ನೂ ಬಿಡದೆ ನೀರನ್ನು ಶುದ್ಧೀಕರಿಸಿ ಮತ್ತೆ ಬಣ್ಣದ ತೊಟ್ಟಿಗೇ ತುಂಬುವ ವ್ಯವಸ್ಥೆಯನ್ನು ಕಟ್ಟಿಕೊಂಡು ನಡೆಯುತ್ತಿವೆ. ಊರಿನ ಬನಿಯನ್ ವ್ಯಾಪಾರ ನಿಲ್ಲಲಿಲ್ಲ. ಹತ್ತು ವರ್ಷ ಮೊದಲು ಒಂದು ಕಟ್ಟುನಿಟ್ಟಾದ ಯೋಜನೆ ವಿಧಿಸಲ್ಪಟ್ಟಿದ್ದರೆ ಆ ಕೂಲಿಕಾರರ ಅನ್ನ ಉಳಿಯುತ್ತಿತ್ತು. ಕಡ್ಡಾಯವೆಂದರೆ ಕ್ರೌರ್ಯವೆನ್ನುವವರು ತಡವಾಗಿ ಬಂದ ಕಡ್ಡಾಯದ ಕ್ರೌರ್ಯವನ್ನು ಅಲ್ಲಿ ನೋಡಲಿ.

ಕೊನೆಯದಾಗಿ ಬಸದಿಗಳ ಟ್ರಸ್ಟುಗಳ ವಿಷಯ. ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಬೇಕೆಂದು ಕೇಳುವ ಚಪಲ ಈಗಲೇ ಕಾಣುತ್ತಿದೆ. ಅಭಿಷೇಕದ ನೀರನ್ನು ಅಳೆಯಿರೆಂದು ಯಾರೂ ಹೇಳುತ್ತಿಲ್ಲ. ಅದು ಕೆಲವು ಕಲಶಗಳ ಮಾತು. ಗುಳ್ಳಕಾಯಜ್ಜಿಯ ಸಣ್ಣ ಬಟ್ಟಲ ಹಾಲು ಬಾಹುಬಲಿಯ ಪಾದದವರೆಗೆ ಇಳಿಯಿತೆಂಬ ಐತಿಹ್ಯವನ್ನು ನಂಬುವ ಜನಕ್ಕೆ ಭಕ್ತಿಯು ಪ್ರಮಾಣದಲ್ಲಿಲ್ಲವೆಂದು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಅಳೆಯಬೇಕಾದದ್ದು ಯಾತ್ರಿನಿವಾಸ, ಭೋಜನಶಾಲೆ, ಕಲ್ಯಾಣಮಂಟಪ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳ ನೀರನ್ನು. ಇವುಗಳನ್ನು ನಡೆಸುವ ಟ್ರಸ್ಟು ದೊಡ್ಡ ಬಳಕೆದಾರನೇ. ಬೆಳ್ಗೊಳವೆಂಬ ಕ್ಷೇತ್ರದ ಹೆಸರೇ ಒಂದು ಬಿಳಿಯ ಕೊಳದಿಂದ ಬಂದದ್ದು. ಕ್ಷೇತ್ರವನ್ನು ಕೊಳದ ಹೆಸರಿನಿಂದ ಕರೆದ ಪರಂಪರೆಯವರು ನೀರಿನ ಕಾಯಿದೆಯಿಂದ ವಿನಾಯಿತಿ ಬೇಡುವುದು ನಗೆಪಾಟಲಿನ ಸಂಗತಿ.

ಕೆಲಸವೂ ಕಠಿಣವಲ್ಲ. ಜೈನ ಭೋಜನಶಾಲೆಗೆ ಒಂದು ಅನುಕೂಲವಿದೆ, ಅನ್ಯರಿಗೆ ಅದಿಲ್ಲ: ಸೂರ್ಯಾಸ್ತದ ನಂತರ ಅಲ್ಲಿ ಒಲೆ ಉರಿಯದು, ಪಾತ್ರೆ ತೊಳೆಯುವುದೂ ಅಲ್ಲಿಗೆ ಮುಗಿಯುತ್ತದೆ. ಅಡುಗೆಮನೆಯ ಕೊಳವೆಗೆ ಒಂದು ಮೀಟರನ್ನು ಕೂಡಿಸಿ, ಬಾಗಿಲು ಹಾಕುವಾಗ ಒಮ್ಮೆ, ಬೆಳಿಗ್ಗೆ ತೆರೆಯುವಾಗ ಒಮ್ಮೆ ಅಂಕಿ ಬರೆದಿಟ್ಟರೆ ಸಾಕು. ರಾತ್ರಿ ಆ ಮುಳ್ಳು ಕದಲಿದ್ದರೆ ನೀರು ಎಲ್ಲಿಯೋ ಸೋರುತ್ತಿದೆ. ಪ್ಲಂಬರನಿಗೆ ಅರ್ಧ ದಿನದ ಕೆಲಸ. ವಾರ್ಷಿಕ ಮಹಾಸಭೆಗೆಂದು ಅಚ್ಚಾಗುವ ಆಯವ್ಯಯ ಪತ್ರಿಕೆಯಲ್ಲಿ ಹುಂಡಿಯ ಕಾಣಿಕೆ, ಠೇವಣಿಯ ಬಡ್ಡಿ, ಅರ್ಚಕರ ಸಂಬಳ ಎಲ್ಲವೂ ಇರುತ್ತವೆ. ಬರುವ ವರ್ಷದ ಪತ್ರಿಕೆಯಲ್ಲಿ ಕಾಯಿದೆಗೆ ಕಾಯದೆ ಇನ್ನೂ ಮೂರು ಸಾಲು ಸೇರಿಸಲಿ: ಎಷ್ಟು ಲೀಟರ್ ಬಂತು, ಎಷ್ಟು ಮರಳಿ ಬಳಕೆಯಾಯಿತು, ಎಷ್ಟು ಚರಂಡಿಗೆ ಹೋಯಿತು. ಸಭೆಯಲ್ಲಿ ಕುಳಿತ ಯಾವನಾದರೂ ಶ್ರಾವಕನು ಎದ್ದು ಮೂರನೆಯ ಸಾಲಿನ ಬಗ್ಗೆ ಪ್ರಶ್ನೆ ಕೇಳಿದರೆ ಕಾರ್ಯದರ್ಶಿಗಳು ಉತ್ತರ ಕೊಡಲಿ.